ಕಿಕ್ ಹಿಡಿಯುವವನ ಎಡಗೈ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಕನ್ನಡ ಕೂಟದ ಹುಡುಗರು ಸಂಚಿಕೆಗೆಂದು, "ಅಂಕಲ್, ಹಳೇ ದಿನಗಳ ಬಗ್ಗೆ ಏನಾದ್ರೂ ಬರ್ದುಕೊಡಿ" ಎಂದು ಕೇಳಿದಾಗಲೆಲ್ಲ ಬೇರೆ ಏನನ್ನಾದರೂ ಕೊಟ್ಟೆ. ಮೊದಲ ಹಿಮದ ಬಗ್ಗೆ ಬರೆದೆ. ಕೊತ್ತಂಬರಿ ಸೊಪ್ಪು ಸಿಗದ ಕಾಲದ ಬಗ್ಗೆ ಬರೆದೆ. ಹಡಗಿನ ಅಡುಗೆಮನೆಯಲ್ಲಿ ಸಾರಿನ ಪಾತ್ರೆ ಜಾರಿ ಕ್ಯಾಪ್ಟನ್ನನ ಬೂಟಿನೊಳಗೆ ಸಾರು ಸುರಿದದ್ದನ್ನು ಬರೆದೆ. ಓದಿದವರೆಲ್ಲ ನಕ್ಕರು. ನನಗೆ ಬೇಕಾಗಿದ್ದುದೂ ಅದೇ. ನಗುವವರು ಮುಂದಿನ ಪ್ರಶ್ನೆ ಕೇಳುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಸುತ್ತಿಬಳಸಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಅರವತ್ತರ ದಶಕದ ಕೊನೆಯಲ್ಲಿ ನಾನು ಅಮೆರಿಕದ ಹೋಬೋಕನ್‌ನಲ್ಲಿದ್ದೆ. ಈಗ ಅಲ್ಲಿ ನದಿಯ ದಂಡೆಗೆ ಗಾಜಿನ ಮನೆಗಳು ಬಂದಿವೆ, ಬೆಳಿಗ್ಗೆ ಹುಡುಗ ಹುಡುಗಿಯರು ಫೆರಿ ಹತ್ತಿ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುತ್ತಾರೆ. ಆಗ ಅದು ಹಡಗುಕಟ್ಟೆಯ ಊರು. ಗಾಳಿ ಬೀಸಿದ ಕಡೆಗೆಲ್ಲ ಕಾಫಿ ಕಾರ್ಖಾನೆಯ ಹುರಿದ ವಾಸನೆ. ಹಡಗಿನಲ್ಲಿ ಅಡುಗೆಯವನಾಗಿ ಬಂದು ಅಲ್ಲಿ ಇಳಿದೆ, ಮತ್ತೆ ಹತ್ತಲಿಲ್ಲ. ಕಾಗದಪತ್ರ ಆಮೇಲೆ ಸರಿಯಾದದ್ದು ಬೇರೆ ಕಥೆ. ಒಂದು ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಒಗೆದ ಬಟ್ಟೆಯನ್ನು ವ್ಯಾನಿನಲ್ಲಿ ಹಾಕಿಕೊಂಡು ಮನೆಮನೆಗೆ ಮುಟ್ಟಿಸುವುದು, ಉಳಿದ ಹೊತ್ತು ಇಸ್ತ್ರಿ.

ನಮ್ಮ ಲಾಂಡ್ರಿಗೆ ಬರುತ್ತಿದ್ದ ಬಟ್ಟೆಗಳಲ್ಲಿ ಒಂದು ಫುಟ್‌ಬಾಲ್ ತಂಡದ್ದೂ ಇತ್ತು. ಇಲ್ಲಿಯ ಫುಟ್‌ಬಾಲ್ ಎಂದರೆ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವನನ್ನು ಕೆಡವುವ ಆಟ. ತಂಡ ವೃತ್ತಿಪರರದೇ, ಆದರೆ ಸಣ್ಣ ಲೀಗಿನದು. ಟಿವಿಯಲ್ಲಿ ಬರುತ್ತಿರಲಿಲ್ಲ. ಹಗಲು ಗೋದಾಮಿನಲ್ಲಿ, ಕಾರ್ಖಾನೆಯಲ್ಲಿ, ಲಾರಿಯಲ್ಲಿ ದುಡಿಯುವ ಗಂಡಸರು ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು, ಭಾನುವಾರ ಆಡುತ್ತಿದ್ದರು. ಪ್ರತಿಯೊಬ್ಬನ ಕಣ್ಣೂ ದೊಡ್ಡ ಲೀಗಿನ ಮೇಲೆ. ನಾನು ಬಟ್ಟೆ ಇಳಿಸಲು ಹೋದವನು ಟವೆಲ್ ಕೊಡಲು ನಿಂತೆ, ಆಮೇಲೆ ನೀರು ಕೊಡಲು, ಆಮೇಲೆ ಕಾಲಿಗೆ ಟೇಪ್ ಸುತ್ತಲು. ಕೊನೆಗೆ ತಂಡದವನೇ ಆಗಿಬಿಟ್ಟೆ.

ನಾನು ಹೇಳಹೊರಟವನು ಆ ತಂಡದ ಕಿಕ್ ರಿಟರ್ನರ್. ಹೆಸರು ಬರೆಯುವುದಿಲ್ಲ. ಕಪ್ಪು ಮನುಷ್ಯ, ದಕ್ಷಿಣದ ಹತ್ತಿ ಹೊಲಗಳ ಕಡೆಯವನು, ಎತ್ತರದಲ್ಲಿ ನನ್ನಷ್ಟೇ, ತೊಡೆ ಮಾತ್ರ ತೇಗದ ಕಂಬ. ಹಗಲು ಕಾಫಿ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ. ಅವನ ಕೆಲಸ ಏನೆಂದು ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎದುರು ತಂಡದವನು ಮೈದಾನದ ಆ ತುದಿಯಿಂದ ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆ. ಈ ತುದಿಯಲ್ಲಿ ಇವನೊಬ್ಬನೇ ತಲೆಯೆತ್ತಿ ನಿಂತಿರುತ್ತಾನೆ. ಚೆಂಡು ಇಳಿಯುವಷ್ಟರಲ್ಲಿ ಆ ಕಡೆಯ ದಾಂಡಿಗರೆಲ್ಲ ಇವನನ್ನೇ ಗುರಿಯಾಗಿಟ್ಟು ಓಡಿಬರುತ್ತಿರುತ್ತಾರೆ. ಚೆಂಡು ಹಿಡಿದು ಅವರ ನಡುವೆ ಹಾದಿ ಮಾಡಿಕೊಂಡು ಎಷ್ಟು ದೂರ ವಾಪಸ್ ಓಡುತ್ತಾನೋ ಅಷ್ಟು ಲಾಭ. ನಮ್ಮ ಕಬಡ್ಡಿಯಲ್ಲೂ ಒಬ್ಬನೇ ಹೋಗುತ್ತಾನೆ, ಆದರೆ ಅವನು ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ಹೋಗುತ್ತಾನೆ. ಇವನು ಅವರ ಕಡೆ ನೋಡುವ ಹಾಗಿಲ್ಲ.

"ಭಯ ಆಗಲ್ವಾ?" ಎಂದು ಒಮ್ಮೆ ಕೇಳಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲೇ ಆದದ್ದು. ಇಷ್ಟು ವರ್ಷದ ಮೇಲೆ ನನ್ನ ಕಿವಿಯಲ್ಲಿ ಅವನು ಕನ್ನಡದಲ್ಲೇ ಮಾತಾಡುತ್ತಾನೆ.

"ಆಗುತ್ತೆ ಮ್ಯಾನ್. ಯಾಕಾಗಲ್ಲ? ಕಾಲಿನ ಸದ್ದು ಕೇಳ್ತಾ ಇರುತ್ತೆ, ದನ ಬೆದರಿ ಓಡಿಬಂದ ಹಾಗೆ. ಆದ್ರೆ ಮೇಲೆ ನೋಡ್ತಾ ಇರ್ಬೇಕು. ಕೆಳಗೆ ನೋಡಿದ್ಯೋ, ಚೆಂಡೂ ಹೋಯ್ತು, ನೀನೂ ಹೋದೆ."

ದೊಡ್ಡ ಲೀಗಿನ ಒಂದು ತಂಡ ಅವನನ್ನು ಎರಡು ಬೇಸಿಗೆ ತನ್ನ ಶಿಬಿರಕ್ಕೆ ಕರೆದಿತ್ತು. ಎರಡು ಸಲವೂ ಕೊನೆಯ ವಾರದಲ್ಲಿ ಬಾಗಿಲು ಬಡಿದು, "ಕೋಚ್ ಕರೀತಿದಾರೆ, ನಿನ್ನ ಪ್ಲೇಬುಕ್ ತಗೊಂಡು ಬಾ" ಎಂದಿದ್ದರು. ಆಟದ ತಂತ್ರಗಳ ಆ ಪುಸ್ತಕ ತಗೊಂಡು ಬಾ ಎಂದರೆ ಮನೆಗೆ ಹೋಗು ಎಂದು. ಆಮೇಲೆ ನಮ್ಮ ತಂಡಕ್ಕೆ ಬಂದ, ವರ್ಷಗಳು ಕಳೆದವು. ಕಿಕ್ ಹಿಡಿಯುವವನಿಗೆ ಮೂವತ್ತು ಎಂದರೆ ಮುಪ್ಪು. ಅವನು ಅದರ ಹೊಸ್ತಿಲಲ್ಲಿದ್ದ.

ಈಗ ನನ್ನ ಕಾಲಿನ ವಿಷಯ ಹೇಳಬೇಕು.

ನಾನು ಹುಟ್ಟುವಾಗ ಕಾಲು ಮೊದಲು ಬಂದಿತ್ತು. ನಮ್ಮ ಕಡೆ ಅಂಥವರ ಕಾಲು ತಾಕಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ಇದೆ, ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಸೊಂಟ ಹಿಡಿದವರು, ಕತ್ತು ತಿರುಗದವರು ಬೆಳಿಗ್ಗೆ ಬಾಯಿಗೆ ನೀರು ಹಾಕುವ ಮೊದಲೇ ನಮ್ಮ ಜಗಲಿಗೆ ಬಂದು ಬೋರಲು ಮಲಗುತ್ತಿದ್ದರು. ನಾನು ಎಡಗಾಲಿನಿಂದ ಮೇಲಿನಿಂದ ಕೆಳಕ್ಕೆ ಮೂರು ಸಲ ನೀವುತ್ತಿದ್ದೆ. ಲೆಕ್ಕ ಬರಲಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರೇ ಮರುದಿನ ಬಂದು ನನ್ನ ಕಾಲಡಿ ಮಲಗಿದ್ದರು. ಆ ರುಚಿ ನನಗೆ ಚಿಕ್ಕಂದಿನಲ್ಲೇ ಹತ್ತಿತು.

ಲಾಕರ್ ರೂಮಿನಲ್ಲಿ ಅದನ್ನು ತಮಾಷೆಗೆ ಹೇಳಿದೆ. ಬೆನ್ನು ಹಿಡಿದುಕೊಂಡು ಕೂತಿದ್ದ ಒಬ್ಬ ದಡಿಯ, "ಹಾಗಾದ್ರೆ ಹಾಕು ನಿನ್ನ ಕಾಲು" ಎಂದು ಬೆಂಚಿನ ಮೇಲೆ ಬಿದ್ದುಕೊಂಡ. ಹಾಕಿದೆ. ಎದ್ದವನು ಬಗ್ಗಿ ನೋಡಿದ, ತಿರುಗಿ ನೋಡಿದ. "ದೇವ್ರಾಣೆ, ಹೋಯ್ತು!" ಎಂದ. ಅಷ್ಟೇ. ಮರುದಿನದಿಂದ ನನಗೆ 'ಫುಟ್' ಎಂದು ಹೆಸರು.

"ಏ ಫುಟ್, ನನ್ನ ಭುಜ ನೋಡು!"

"ಕ್ಯೂನಲ್ಲಿ ಬಾರೋ, ನಾನು ಮೊದ್ಲು ಬಂದಿರೋದು."

"ಫುಟ್, ಕಾಲಿನ ಲಾಂಡ್ರಿ ಸೋಪು ತೊಳ್ಕೊಂಡಿದ್ದೀ ತಾನೆ? ಹೋದ್ಸಲ ನನ್ನ ಬೆನ್ನಲ್ಲಿ ಸೋಪಿನ ವಾಸನೆ ಬಂತು ಅಂತ ನನ್ನ ಹೆಂಡ್ತಿ ಜಗಳ ತೆಗೆದ್ಲು."

ನಗುತ್ತಿದ್ದರು, ಆದರೆ ಮಲಗುತ್ತಿದ್ದರು. ನನಗಿಂತ ದುಪ್ಪಟ್ಟು ತೂಕದ ಬಿಳಿಯರು, ಕರಿಯರು, ಬೀದಿಯಲ್ಲಿ ನನ್ನ ಮುಖ ನೋಡದ ಜನ. ಲಾಂಡ್ರಿಯಲ್ಲಿ ನಾನು ಯಾರೂ ಆಗಿರಲಿಲ್ಲ. ಅಲ್ಲಿ ನನ್ನ ಕಾಲಿಗಾಗಿ ಕಾಯುತ್ತಿದ್ದರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಬೇರೆ ಯಾವ ದೊಡ್ಡ ಕಾರಣವನ್ನು ಹುಡುಕಿದರೂ ಅದು ಸುಳ್ಳಾಗುತ್ತದೆ.

ಒಂದು ಶರತ್ಕಾಲದಲ್ಲಿ ದೊಡ್ಡ ಲೀಗಿನ ತಂಡವೊಂದರ ರಿಟರ್ನರ್ ಮಂಡಿ ಮುರಿದುಕೊಂಡ. ಅವರಿಗೆ ತುರ್ತಾಗಿ ಒಬ್ಬ ಬೇಕಾಗಿತ್ತು. ನಮ್ಮ ಊರಿನಲ್ಲಿ ನಡೆಯುವ ಆ ವರ್ಷದ ಕೊನೆಯ ಪಂದ್ಯಕ್ಕೆ ಅವರ ಕಡೆಯ ಮನುಷ್ಯ ಬರುತ್ತಾನೆ, ಇವನನ್ನೇ ನೋಡಲು ಬರುತ್ತಾನೆ ಎಂದು ಕೋಚ್ ಎಲ್ಲರೆದುರು ಹೇಳಿದ. ಲಾಕರ್ ರೂಮಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಅವಕಾಶ ತನಗೇ ಸಿಗಬಾರದಿತ್ತೇ ಎಂದು ಅಷ್ಟು ಆಸೆಯಾಗಿತ್ತು ಎಲ್ಲರಿಗೂ. ಅವನು ಬಗ್ಗಿ ಬೂಟಿನ ಲೇಸು ಕಟ್ಟುತ್ತಲೇ ಇದ್ದ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಅದಕ್ಕೂ ಹಿಂದಿನ ಪಂದ್ಯದಲ್ಲೇ ಅವನಿಗೆ ಪೆಟ್ಟಾಯಿತು. ಇಬ್ಬರು ಎರಡು ಕಡೆಯಿಂದ ಬಂದು ಬಡಿದಾಗ ತಲೆ ಒಂದು ಪಕ್ಕಕ್ಕೆ ಹೋಯಿತು, ಭುಜ ಇನ್ನೊಂದು ಪಕ್ಕಕ್ಕೆ. ಎದ್ದು ಬಂದ. ಯಾರಿಗೂ ಏನೂ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಟವೆಲ್ ಎಣಿಸುತ್ತಿದ್ದ ನನ್ನ ಹತ್ತಿರ ಬಂದ.

"ಫುಟ್, ಕತ್ತಿನಿಂದ ಬೆರಳ ತನಕ ಬೆಂಕಿ ಹರಿದ ಹಾಗಾಯ್ತು. ನಿನ್ನ ಕಾಲಾಟ ಮಾಡು."

"ಕೋಚ್‌ಗೆ ಹೇಳಿದ್ಯಾ?"

"ಹುಚ್ಚಾ ನಿನಗೆ? ಹೇಳಿದ್ರೆ ಕೂರಿಸಿಬಿಡ್ತಾನೆ. ಲಿಸನ್, ನಾನು ಮೇಲೆ ಹೋದ್ರೆ ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ನನ್ನ ಕಾಲು ನೀನು ಅಂತೀನಿ ಅವರಿಗೆ."

ಬೆಂಚಿನ ಮೇಲೆ ಮಲಗಿದ. ನಾನು ಕತ್ತಿನಿಂದ ಭುಜದ ತನಕ ಎಡಗಾಲಿನಲ್ಲಿ ನೀವಿದೆ. ಎದ್ದು ಕೈ ಕೊಡವಿದ. "ಬೆಟರ್" ಎಂದ. ಅವನಿಗೆ ಹಾಗನ್ನಿಸಿದ್ದು ನಿಜವೇ ಇರಬೇಕು.

ಮರುದಿನದ ಅಭ್ಯಾಸದಲ್ಲಿ ನಾನು ನೋಡಿದೆ. ಟವೆಲ್ಲನ್ನು ಅವನ ಎಡಗೈಯ ಕಡೆಗೆ ಚಾಚಿದರೆ, ಬಲಗೈಯನ್ನು ಅಡ್ಡ ತಂದು ತೆಗೆದುಕೊಂಡ. ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದು ಮಾತಾಡುತ್ತಿದ್ದವನು, ಲೋಟ ಜಾರಿ ಬಿದ್ದದ್ದು ಸದ್ದಾದ ಮೇಲೇ ಗೊತ್ತಾದವನಂತೆ ಕೆಳಗೆ ನೋಡಿದ. ಅಂಗಿಯ ಗುಂಡಿ ಹಾಕಿಕೊಳ್ಳಲು ಗೋಡೆಗೆ ಮುಖ ಮಾಡಿ ನಿಂತ, ಬಹಳ ಹೊತ್ತು ನಿಂತ.

ಉಳುಕಿನಲ್ಲಿ ನೋವಿರುತ್ತದೆ. ಜೋಮು ಇರುವುದಿಲ್ಲ. ಅಷ್ಟು ಮಂದಿಯ ಬೆನ್ನು ನೀವಿದ ನನಗೆ ಅದು ಗೊತ್ತಿತ್ತು.

ಆ ವಾರವೇ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿದ್ದ ಧಾರವಾಡದ ಡಾಕ್ಟರ ಮನೆಗೆ ಹೋದೆ. ಆಗ ಈ ಕಡೆ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಹಬ್ಬಕ್ಕೆ ಅವರ ಮನೆಯಲ್ಲಿ ಅಡುಗೆಗೆ ನಾನೇ ನಿಲ್ಲುತ್ತಿದ್ದೆ. ಹೋಳಿಗೆ ಬೇಯಿಸುತ್ತ, ಯಾರೋ ಎನ್ನುವ ಹಾಗೆ, ಕೈ ಜೋಮು ಹಿಡಿದವನ ವಿಷಯ ತೆಗೆದೆ.

ಡಾಕ್ಟರು ಪೇಪರ್ ಮಡಚಿಟ್ಟರು. "ಯಾವಾಗಿಂದ ಅದಪಾ?"

"ಆಟದಲ್ಲಿ ಪೆಟ್ಟು ಬಿದ್ದಾಗಿನಿಂದ. ನಾನು ಕಾಲು ತಾಕಿಸಿದೆ. ನೋವು ಕಡಿಮೆ ಅಂದ. ಬೆರಳು ಮಾತ್ರ..."

"ಕಾಲು ತಾಕಿಸಿದ್ಯಾ!" ಅವರು ಹಣೆ ಚಚ್ಚಿಕೊಂಡರು. "ಇಪ್ಪತ್ತನೇ ಶತಮಾನ, ಚಂದ್ರನ ಮ್ಯಾಲೆ ಕಾಲಿಡೂ ಕಾಲ, ಇಂವ ಅಮೆರಿಕನ್ ಬೆನ್ನಿನ ಮ್ಯಾಲೆ ಕಾಲಿಡ್ಲಿಕತ್ತಾನ."

ಅವರ ಹೆಂಡತಿ ಒಳಗಿನಿಂದಲೇ, "ಅವರಿಗ್ಯಾಕ ಬೈತೀರಿ? ನನ್ನ ಸೊಂಟಕ್ಕೂ ಒಮ್ಮೆ ಹಚ್ಚಿಸಿಕೋಬೇಕಂತ ಮಾಡೇನಿ" ಎಂದರು.

"ಹಚ್ಚಿಸಿಕೋ, ಹಚ್ಚಿಸಿಕೋ. ನನ್ನ ಡಿಗ್ರಿ ಗ್ವಾಡಿಗೆ ಸುಮ್ನ ತೂಗ್ಹಾಕೀನಿ. ನೀ ಇವನ ಕಾಲಿಗೆ ಬೀಳು." ಆಮೇಲೆ ನನ್ನ ಕಡೆ ತಿರುಗಿ, ನಗು ನಿಲ್ಲಿಸಿ ಹೇಳಿದರು. "ನೋಡು ತಮ್ಮಾ. ಬೆರಳಿಗೆ ಸ್ಪರ್ಶ ಇಲ್ಲ ಅಂದ್ರ ಅದು ಉಳುಕಲ್ಲ. ಕುತ್ತಿಗಿಯೊಳಗ ನರ ಸಿಕ್ಕೊಂಡದ. ಎಕ್ಸ್‌ರೇ ಆಗೂತನಕ ಆಟ ಗೀಟ ಬ್ಯಾಡ. ಇನ್ನೊಂದು ಪೆಟ್ಟು ಬಿತ್ತಂದ್ರ ಕೈ ಹೋಗಬಹುದು, ಜೀವನೂ ಹೋಗಬಹುದು. ಹೇಳ್ತಿಯಲ್ಲ ಅವಂಗ?"

"ಹೇಳ್ತೀನಿ" ಎಂದೆ.

ವಾಪಸು ರೂಟ್ ಒನ್ ಹೆದ್ದಾರಿಯಲ್ಲಿ ಬಸ್ಸು ಬರುತ್ತಿರುವಾಗ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಇಂಗ್ಲಿಷಿಗೆ ಜೋಡಿಸಿಕೊಂಡೆ. ಆದರೆ ಹೋಬೋಕನ್ ಹತ್ತಿರವಾದಂತೆ ಇನ್ನೊಂದು ಯೋಚನೆ ಬಂತು. ಹೇಳಿದರೆ ಅವನು ಕೇಳುವುದಿಲ್ಲ. ಕೇಳಿದರೆ ಅವನ ಅವಕಾಶ ಹೋಗುತ್ತದೆ. ಎರಡರಲ್ಲೂ, 'ಫುಟ್ ಸರಿಮಾಡಲಿಲ್ಲ' ಎಂಬುದು ಉಳಿಯುತ್ತದೆ. ಮರುದಿನ ಅವನೇ ಎದುರಾಗಿ, "ನಾಳೆನೂ ಒಂದ್ಸಲ ಕಾಲು ಹಾಕು" ಎಂದ. ನಾನು "ಆಗ್ಲಿ" ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡ ವಾಕ್ಯ ಹಾಗೇ ಉಳಿಯಿತು.

ಅವನ ಹೆಂಡತಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹಾಸಿಗೆ ಬದಲಿಸುವ, ಮೈ ಒರೆಸುವ ಕೆಲಸದಲ್ಲಿದ್ದಳು. ಹಡಗು ಬಿಟ್ಟ ಮೇಲೆ ಈ ದೇಶದಲ್ಲಿ ನನ್ನನ್ನು ಊಟಕ್ಕೆ ಕರೆದ ಮೊದಲ ಮನೆ ಅವರದು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ, "ಹಾಗಾದ್ರೆ ಏನು ತಿಂತೀಯ, ಹುಲ್ಲಾ?" ಎಂದು ಗದರಿ, ಅಲಸಂದೆ ಕಾಳನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಟ್ಟಳು. ಆಮೇಲೆ ನಾನು ಹೋದಾಗಲೆಲ್ಲ ಆ ಪಾತ್ರೆ ಒಲೆಯ ಮೇಲೆ ಇರುತ್ತಿತ್ತು.

ಪಂದ್ಯದ ಹಿಂದಿನ ದಿನ ಅವಳು ಲಾಂಡ್ರಿಗೆ ಬಂದಳು. ಕೈಯಲ್ಲಿ ಬಟ್ಟೆಯೇನೂ ಇರಲಿಲ್ಲ. ಆಸ್ಪತ್ರೆಯ ಬಿಳಿ ಉಡುಪಿನಲ್ಲೇ ಬಂದಿದ್ದಳು. ಲಾಂಡ್ರಿಯ ಯಜಮಾನ ಊಟಕ್ಕೆ ಹೋಗಿದ್ದ. ಇಸ್ತ್ರಿ ಮೇಜಿನ ಎದುರು ನಿಂತು, ಪೀಠಿಕೆಯಿಲ್ಲದೆ ಕೇಳಿದಳು.

"ಅವನ ಗುಂಡಿ ನಾನು ಹಾಕ್ತಾ ಇದೀನಿ. ನಾಲ್ಕು ದಿನದಿಂದ. ಪ್ರೀತಿಗೆ ಅಂತಾನೆ. ನನ್ನನ್ನೇನು ದಡ್ಡಿ ಅಂದ್ಕೊಂಡಿದಾನಾ?"

ನಾನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟೆ.

"ನೀನು ಅವನನ್ನ ದಿನಾ ಅಂಗಿ ಇಲ್ಲದೆ ನೋಡೋನು. ನೀನು ಸರಿಮಾಡಿದೀಯ ಅಂತಾನೆ. ಸರಿಯಾಗಿದೆಯಾ?"

ಹಿಂದಿನ ಸಂಜೆಯೇ ಅವನು ನನಗೆ ಹೇಳಿದ್ದ. ಅವಳು ಕೇಳಿದರೆ ಸರಿಯಾಗಿದೆ ಎನ್ನು, ಇಲ್ಲವಾದರೆ ಕೋಚ್‌ಗೆ ಫೋನ್ ಮಾಡುತ್ತಾಳೆ, ಅವಳು ಅಂಥವಳೇ ಎಂದಿದ್ದ. ನಾನು ತಲೆಯಾಡಿಸಿದ್ದೆ. ಈಗ ಅವಳ ಕಡೆ ನೋಡದೆ ಮೇಜಿನ ಮೇಲಿದ್ದ ಅಂಗಿಯನ್ನು ಮಡಚತೊಡಗಿದೆ.

"ನೋಡು," ಎಂದಳು. ದನಿ ತಗ್ಗಿತು. "ಆಸ್ಪತ್ರೆಲಿ ಕತ್ತು ಮುರಿದ ಹುಡುಗರನ್ನ ನಾನು ಮಗುಚಿ ಹಾಕ್ತೀನಿ. ಸ್ಪಂಜಿನಲ್ಲಿ ಒರೆಸ್ತೀನಿ. ಅವರ ಹೆಂಡ್ತೀರು ಹೊರಗೆ ಕೂತಿರ್ತಾರೆ. ಅವನು ನನಗೆ ನಿಜ ಹೇಳಲ್ಲ. ನೀನು ಹೇಳ್ತೀಯ. ನೀನು ಇಲ್ಲ ಅಂದ್ರೆ ಈಗ್ಲೇ ಕೋಚ್‌ಗೆ ಫೋನ್ ಮಾಡ್ತೀನಿ. ಅವನು ನನ್ನನ್ನ ಬಿಟ್ಟುಹೋದ್ರೂ ಪರವಾಗಿಲ್ಲ."

"ಸರಿಯಾಗಿದೆ" ಎಂದೆ.

ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಗೋಡೆಯ ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಗಣಪತಿಯಿದ್ದ. ಅದನ್ನು ತೋರಿಸಿದಳು.

"ನಿನ್ನ ಆ ಆನೆ ಸ್ವಾಮಿಯ ಎದುರು ಹೇಳು."

ನಾನು ಗಣಪತಿಯ ಕಡೆ ತಿರುಗಿ, "ಪೂರ್ತಿ ಸರಿಯಾಗಿದೆ. ಕಾಲು ತಾಕಿಸಿದ್ದೇನೆ, ಹೋಗಿದೆ" ಎಂದೆ.

ಅವಳ ಹೆಗಲು ಇಳಿಯಿತು. ಕಣ್ಣು ಒರೆಸಿಕೊಂಡು ನಕ್ಕಳು. "ದೇವರು ನಿನ್ನ ಕಾಲನ್ನ ಚೆನ್ನಾಗಿಟ್ಟಿರಲಿ" ಎಂದು, ಮೇಜಿನಾಚೆಯಿಂದ ಬಗ್ಗಿ ನನ್ನ ಹಣೆಗೆ ಮುತ್ತಿಟ್ಟು ಹೋದಳು. ಬಾಗಿಲಿನ ಗಂಟೆ ಸದ್ದಾಯಿತು. ಹೊರಗೆ ಮೂಲೆಯ ಕಡೆಗೆ ಹೋಗುವಾಗ ಅವಳ ನಡಿಗೆ ಹಗುರವಾಗಿತ್ತು. ಕರೆದು ನಿಲ್ಲಿಸಬಹುದಿತ್ತು. ರಸ್ತೆಯ ದೀಪ ಕೆಂಪಿಗೆ ಬಂದು ಅವಳು ಅಲ್ಲೇ ನಿಂತಿದ್ದಳು.

ಭಾನುವಾರ ಬಿಸಿಲಿತ್ತು, ಚಳಿಯೂ ಇತ್ತು. ದೊಡ್ಡ ತಂಡದ ಮನುಷ್ಯ ಹ್ಯಾಟು ಹಾಕಿಕೊಂಡು ನಮ್ಮ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತಿದ್ದ. ಅವನು ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಗೊತ್ತಿರುವಂತೆ ತೋರಿಸುತ್ತಿರಲಿಲ್ಲ. ಅವಳು ಎದುರುಗಡೆಯ ಮೆಟ್ಟಿಲುಗಳಲ್ಲಿ ಹಳದಿ ಕೋಟು ಹಾಕಿಕೊಂಡು ಕೂತಿದ್ದಳು. ಅವಳ ಗಂಡನ ಎಡ ಮಣಿಕಟ್ಟಿಗೆ ಟೇಪ್ ಸುತ್ತಿದವನು ನಾನೇ. ಬೆರಳುಗಳು ತಣ್ಣಗಿದ್ದವು. "ಬಿಗಿಯಾಯ್ತಾ?" ಎಂದೆ. "ಬಿಗಿ ಮಾಡಿದ್ದೀಯಾ?" ಎಂದು ಅವನೇ ಕೇಳಿದ. ಇಬ್ಬರೂ ಬೇರೆ ಕಡೆ ನೋಡಿದೆವು.

ಮೊದಲ ಕಿಕ್ ಬಂತು. ಅವನು ಮುಂದಕ್ಕೆ ಬರದೆ, ಚೆಂಡು ಗೆರೆಯಾಚೆ ಬೀಳಲು ಬಿಟ್ಟ. ಜನ ಕೂಗಿದರು. ಹ್ಯಾಟಿನವನು ಕದಲಲಿಲ್ಲ.

ಎರಡನೆಯ ಕಿಕ್ ಎತ್ತರ ಹೋಯಿತು. ಅವನು ತಲೆಯೆತ್ತಿ ನಿಂತ. ನಾನು ಚೆಂಡನ್ನು ನೋಡಲಿಲ್ಲ, ಓಡಿಬರುತ್ತಿದ್ದವರನ್ನು ನೋಡುತ್ತಿದ್ದೆ. ಅವನು ಎದೆ ಕೊಟ್ಟು, ಬಲಗೈಯಿಂದ ಚೆಂಡನ್ನು ಅವುಚಿದ. ಒಂದು ಹೆಜ್ಜೆ ಎಡಕ್ಕೆ ತೋರಿಸಿ ಬಲಕ್ಕೆ ಹೊರಳಿದ. ಮೊದಲು ಬಂದವನು ಗಾಳಿಯನ್ನು ಅಪ್ಪಿಕೊಂಡು ಬಿದ್ದ. ಆಮೇಲೆ ಒಬ್ಬ, ಆಮೇಲೆ ಮತ್ತೊಬ್ಬ. ಮೈದಾನದ ಅರ್ಧವನ್ನು ದಾಟಿ ಓಡಿದ. ಕೊನೆಯವನೊಬ್ಬ ಕಾಲು ಹಿಡಿದು ಕೆಡವದಿದ್ದರೆ ಆ ತುದಿಯನ್ನು ಮುಟ್ಟಿಯೇ ಬಿಡುತ್ತಿದ್ದ. ಬೆಂಚಿನಲ್ಲಿದ್ದವರೆಲ್ಲ ಎದ್ದು ಕುಣಿದರು. ಒಬ್ಬ ನನ್ನನ್ನು ಎತ್ತಿಕೊಂಡು, "ಫುಟ್! ಫುಟ್!" ಎಂದು ಕೂಗಿದ. ನಾಚಿಕೆಯಿಂದ ಬರೆಯುತ್ತಿದ್ದೇನೆ, ಆ ಕ್ಷಣ ನನಗೆ ಅನ್ನಿಸಿದ್ದು ಇದು: ಡಾಕ್ಟರಿಗೆ ಏನು ಗೊತ್ತು, ನನ್ನ ಕಾಲು ಕೆಲಸ ಮಾಡಿದೆ.

ಓಡುವವನಿಗೆ ಒಂದು ನಿಯಮವಿದೆ. ಗೆರೆಯ ಬದಿಯಲ್ಲಿ ಓಡುವಾಗ ಚೆಂಡು ಗೆರೆಯ ಕಡೆಯ ಕೈಯಲ್ಲಿರಬೇಕು, ಬಡಿಯಲು ಬರುವವರ ಕಡೆಗಲ್ಲ. ಚಿಕ್ಕಂದಿನಿಂದ ತೀಡಿ ತೀಡಿ ಕಲಿಸಿರುತ್ತಾರೆ. ಯೋಚಿಸಿ ಮಾಡುವುದಲ್ಲ, ಕೈ ತಾನೇ ಮಾಡುತ್ತದೆ.

ಮೂರನೆಯ ಕಿಕ್ ಹಿಡಿದು ಅವನು ನಮ್ಮ ಬೆಂಚಿನ ಕಡೆಗೇ ಬಂದ. ಎಡಗಡೆಯ ಗೆರೆ ಹಿಡಿದು ಓಡಿಬರುತ್ತಿದ್ದ. ಎದುರು ಹಾದಿ ಖಾಲಿಯಿತ್ತು. ಹಿಂದಿನಿಂದ ಇಬ್ಬರು ಅಟ್ಟಿಸಿಕೊಂಡು ಬರುತ್ತಿದ್ದರು, ಬಲಗಡೆಯಿಂದ ಒಬ್ಬ ಓರೆಯಾಗಿ. ನಾನು ಟವೆಲ್ ಹಿಡಿದು ನಿಂತಲ್ಲಿಂದ ಅವನ ಹಲ್ಲು ಕಾಣಿಸುತ್ತಿತ್ತು, ನಗುತ್ತಿದ್ದನೋ ಉಸಿರೆಳೆಯುತ್ತಿದ್ದನೋ. ಆಗ ಅವನ ಬಲಗೈ ತಾನಾಗಿ ಚೆಂಡನ್ನು ಎಡಗೈಗೆ ದಾಟಿಸಿತು.

ಎಡಗೈ ಮುಚ್ಚಲಿಲ್ಲ.

ಚೆಂಡು ನನ್ನಿಂದ ಹೆಚ್ಚು ದೂರವಿಲ್ಲದೆ ಹುಲ್ಲಿನ ಮೇಲೆ ಬಿದ್ದು ಕುಪ್ಪಳಿಸಿತು. ಅವನು ಅದನ್ನು ಬಿಟ್ಟುಕೊಡಬಹುದಿತ್ತು. ಬಿಡಲಿಲ್ಲ. ಅದರ ಮೇಲೆ ಬೋರಲು ಬಿದ್ದ. ಬಲಗಡೆಯಿಂದ ಬಂದವನು ಅವನ ಕತ್ತಿನ ಮೇಲೆ ಬಂದು ಬಿದ್ದ, ಆಮೇಲೆ ಉಳಿದವರೆಲ್ಲ.

ಒಬ್ಬೊಬ್ಬರಾಗಿ ಎದ್ದರು. ಅವನು ಏಳಲಿಲ್ಲ. ಎಲ್ಲರಿಗಿಂತ ಮೊದಲು ತಲುಪಿದವನು ನಾನು.

"ಫುಟ್," ಎಂದ, ಹುಲ್ಲಿಗೆ ಕೆನ್ನೆಯೊತ್ತಿ. "ಚೆಂಡು ನನ್ನ ಹತ್ರಾನೇ ಇದೆ ಅಲ್ವಾ? ಕೈ ಗೊತ್ತಾಗ್ತಿಲ್ಲ."

ಚೆಂಡು ಅವನ ಹೊಟ್ಟೆಯ ಕೆಳಗೇ ಇತ್ತು. ಇದೆ ಎಂದೆ. ಎದುರುಗಡೆಯಿಂದ ಹಳದಿ ಕೋಟು ಮೆಟ್ಟಿಲಿಳಿದು, ಬೇಲಿ ದಾಟಿ, ಮೈದಾನಕ್ಕೆ ಅಡ್ಡಲಾಗಿ ಓಡಿಬರುತ್ತಿತ್ತು. ಹಿಂದೆ ತಿರುಗಿ ನೋಡಿದರೆ ಹ್ಯಾಟಿನವನ ಜಾಗ ಖಾಲಿಯಾಗಿತ್ತು.

ಜೀವ ಉಳಿಯಿತು, ಕಾಲೂ ಉಳಿಯಿತು. ಎಡಗೈ ಭುಜದಿಂದ ಕೆಳಗೆ ಸತ್ತಿತು. ಕಾಫಿ ಕಾರ್ಖಾನೆಯಲ್ಲಿ ಒಂದು ಕೈಯವನಿಗೆ ಮೂಟೆ ಕೆಲಸವಿರಲಿಲ್ಲ. ಆಟದ ಬದುಕು ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಮತ್ತೆ ಯಾವ ಪಂದ್ಯವನ್ನೂ ನೋಡಲು ಹೋಗಲಿಲ್ಲ. ನಾನೂ ತಂಡದ ಬಟ್ಟೆ ಮುಟ್ಟಿಸುವುದನ್ನು ಬಿಟ್ಟೆ. ಕೆಲವು ವರ್ಷಗಳಲ್ಲಿ ಆ ಲೀಗೇ ಮುಚ್ಚಿಹೋಯಿತು.

ಅವನಿಗೆ ನಾನು ಹೇಳಿದೆ. ಇದನ್ನಾದರೂ ನನ್ನ ಪರವಾಗಿ ಬರೆದುಕೊಳ್ಳುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಅವಳು ಕೆಲಸಕ್ಕೆ ಹೋಗಿದ್ದಾಗ, ಡಾಕ್ಟರು ಅಂದದ್ದನ್ನು ಒಂದೂ ಬಿಡದೆ ಹೇಳಿದೆ. ನನ್ನದು ತಪ್ಪಾಯಿತು, ಕ್ಷಮಿಸು ಎಂದೆ. ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ನೀನು ಹೇಳಿದ್ರೂ ನಾನು ಆಡ್ತಿದ್ದೆ ಮ್ಯಾನ್" ಎಂದ. ಆಮೇಲೆ, "ಆದ್ರೆ ಅವಳಿಗೆ ಹೇಳ್ಬೇಡ. ಅವಳು ನಿನ್ನನ್ನ ಕೇಳಿದ್ಲು ಅಂತ ನನಗೆ ಗೊತ್ತು. ನಿನ್ನ ಮಾತು ನಂಬಿ ಅವತ್ತು ಮಲಗಿ ನಿದ್ದೆ ಮಾಡಿದ್ಲು. ಅದೊಂದನ್ನ ಅವಳಿಂದ ಕಿತ್ಕೋಬೇಡ."

ನನಗೆ ಅಷ್ಟೇ ಬೇಕಾಗಿತ್ತು. ಅವನ ಮಾತಿನ ಹಿಂದೆ ಅಡಗಿ ಕೂತೆ.

ಅವಳು ಮಾತ್ರ ನನ್ನನ್ನು ಬಿಡಲಿಲ್ಲ. ಅಲಸಂದೆ ಕಾಳಿನ ಪಾತ್ರೆ ಒಲೆಯ ಮೇಲೆ ಹಾಗೇ ಇರುತ್ತಿತ್ತು. ಅವಳು ಎರಡು ಆಸ್ಪತ್ರೆಗಳಲ್ಲಿ ದುಡಿಯತೊಡಗಿದಳು, ಕಾಲುಗಳು ಊದಿಕೊಂಡಿರುತ್ತಿದ್ದವು. ಒಂದು ದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲು ತಟ್ಟಿದಳು. ಹಿಂದೆ ಅವನು ತಲೆ ತಗ್ಗಿಸಿ ನಿಂತಿದ್ದ.

"ಡಾಕ್ಟರುಗಳು ಆಗಲ್ಲ ಅಂತಾರೆ," ಎಂದಳು. "ಅವರಿಗೆ ಎಲ್ಲಾ ಗೊತ್ತಿರಲ್ಲ. ನೀನು ಒಂದ್ಸಲ ಸರಿಮಾಡಿದ್ದೆ. ಆಮೇಲೆ ಬಿದ್ದ ಪೆಟ್ಟು ಬೇರೆ, ಅದಕ್ಕೆ ನೀನೇನು ಮಾಡ್ತೀಯ? ಇನ್ನೊಂದ್ಸಲ ಕಾಲು ಹಾಕು. ನೀರು ಕೂಡ ಕುಡಿಸಿಲ್ಲ, ನೀನು ಹಿಂದೆ ಹೇಳಿದ್ಯಲ್ಲ, ಹಾಗೇ ಕರ್ಕೊಂಡು ಬಂದಿದೀನಿ."

ನಾನು ಅವನ ಮುಖ ನೋಡಿದೆ. ಅವನು ಕಣ್ಣಲ್ಲೇ 'ಮಾಡು' ಎಂದ. ನೆಲದ ಮೇಲೆ ಬೋರಲು ಮಲಗಿದ. ಅವಳು ಆ ಸತ್ತ ಕೈಯನ್ನು ಎತ್ತಿ ನೇರ ಮಾಡಿ ಇಟ್ಟು, ಪಕ್ಕದಲ್ಲಿ ಮಂಡಿಯೂರಿ ಕಣ್ಣು ಮುಚ್ಚಿದಳು. ತುಟಿಗಳು ಅಲುಗುತ್ತಿದ್ದವು. ನಾನು ಕಾಲು ತಾಕಿಸಿದೆ. ಮೂರು ಸಲವೂ ತಾಕಿಸಿದೆ. ಅವಳು ಕಣ್ಣು ತೆರೆದು ಆ ಬೆರಳುಗಳನ್ನು ನೋಡಿದಳು, ಆಮೇಲೆ ನನ್ನನ್ನು. "ಇವತ್ತಲ್ಲ ನಾಳೆ ಬರುತ್ತೆ" ಎಂದಳು. ನನಗೆ ಸಮಾಧಾನ ಹೇಳಿದ್ದು ಅದು.

ಅದಾದ ಮೇಲೆ ನಾನು ಯಾರ ಮೈಗೂ ಕಾಲು ತಾಕಿಸಿಲ್ಲ. ನಮ್ಮವರು ಯಾರಾದರೂ ಕೇಳಿದರೆ, ನಾನೂ ಎಲ್ಲರ ಹಾಗೆ ತಲೆ ಮುಂದಾಗಿ ಹುಟ್ಟಿದವನು ಎನ್ನುತ್ತೇನೆ. ಫ್ಲಶಿಂಗ್‌ನಲ್ಲಿ ಗಣಪತಿಯ ದೇವಸ್ಥಾನವಾದ ವರ್ಷ ಸಬ್‌ವೇ ಹತ್ತಿ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ಹುಂಡಿಯಲ್ಲಿ ಹಾಕಿ ಹೊರಗೆ ಬಂದಾಗ ಏನೂ ಇಳಿದಂತೆ ಅನ್ನಿಸಲಿಲ್ಲ. ದೇವರ ಎದುರು ಸುಳ್ಳು ಹೇಳಿದ್ದೆನೇ ಹೊರತು ದೇವರಿಗೆ ಹೇಳಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅವರು ಮನೆ ಖಾಲಿಮಾಡಿ ದಕ್ಷಿಣಕ್ಕೆ, ಅವನ ಊರಿಗೆ ಹೊರಟರು. ಸಾಮಾನು ಏರಿಸಲು ಲಾಂಡ್ರಿಯ ವ್ಯಾನನ್ನು ನಾನೇ ಡ್ರೈವ್ ಮಾಡಿಕೊಂಡು ಹೋದೆ. ಬಸ್ ನಿಲ್ದಾಣದಲ್ಲಿ ಅವನು ಬಲಗೈಯಿಂದ ನನ್ನ ಕತ್ತನ್ನು ಹಿಡಿದು ಅಲುಗಿಸಿದ. ಅವಳು ಅಪ್ಪಿಕೊಂಡು, "ಆ ದಿನ ನೀನೊಬ್ಬನೇ ನನಗೆ ನಿಜ ಹೇಳಿದವನು" ಎಂದಳು. ಬಸ್ಸಿನ ಎಂಜಿನ್ ಶುರುವಾಗಿತ್ತು. ಡ್ರೈವರ್ ಟಿಕೆಟ್ ನೋಡುತ್ತಿದ್ದ. ಅವನು ಆಗಲೇ ಹತ್ತಿ ಒಳಗೆ ಹೋಗಿದ್ದ, ನಾವಿಬ್ಬರೇ ನಿಂತಿದ್ದೆವು. ಬಾಯಿ ತೆರೆದೆ. "ಜೋಪಾನವಾಗಿ ಹೋಗಿ" ಎಂದೆ.

ಅವನು ತೀರಿಕೊಂಡ ಸುದ್ದಿ ಹಳೆಯ ಆಟಗಾರನೊಬ್ಬನಿಂದ ತಿಳಿಯಿತು. ಅವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಇದನ್ನು ಓದಲಾರಳು, ಅವಳಿಗೆ ಕನ್ನಡ ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇರಬಹುದು. ಅವನಿಂದ ಕ್ಷಮೆ ಕೇಳಿ ಪಡೆದೆ. ಕೇಳಬೇಕಾಗಿದ್ದವಳನ್ನು ಕೇಳಲೇ ಇಲ್ಲ, ಅವನ ಹೆಂಡತಿಯನ್ನು.